ವೈಟ್‌ಫೀಲ್ಡ್ ಎಂಬ ಕಾಡುಗೋಡಿ

ಬೆಂಗಳೂರಿನ ಮೆಟ್ರೋ ರೈಲು ಮಾರ್ಗದಲ್ಲಿ ಪೂರ್ವ ದಿಕ್ಕಿನ ಕಟ್ಟಕಡೆಯ ನಿಲ್ದಾಣದ ಹೆಸರನ್ನು ಬರೆದಿರುವ ಕ್ರಮ ಹೀಗಿದೆ: ಮೊದಲು ವೈಟ್‌ಫೀಲ್ಡ್, ಅದರ ಮುಂದೆ ಆವರಣ ಚಿಹ್ನೆಯೊಳಗೆ ಕಾಡುಗೋಡಿ. ವ್ಯಾಕರಣದ ಪಾಠ ಹೇಳಿ ಆಯುಷ್ಯ ಸವೆಸಿದ ನನ್ನಂಥವನ ಕಣ್ಣು ಇಂಥ ಚಿಹ್ನೆಗಳ ಮೇಲೆ ಬೀಳುವುದು ಸಹಜವೇ. ಬಿಟ್ಟರೂ ವಾಕ್ಯಕ್ಕೆ ಊನವಾಗದಂಥ ಮಾತನ್ನು ನಾವು ಆವರಣದೊಳಗೆ ಇಡುತ್ತೇವೆ ಎಂದು ಹುಡುಗರಿಗೆ ಹೇಳಿಕೊಡುತ್ತಿದ್ದೆ. ಕಾಡುಗೋಡಿಯ ವಿಷಯದಲ್ಲಿ ಈ ನಿಯಮ ಒಪ್ಪುವುದೇ ಎಂಬ ಪ್ರಶ್ನೆಯನ್ನು ಇಟ್ಟುಕೊಂಡು ಆ ಊರಿನ ಚರಿತ್ರೆಯನ್ನು ಸ್ವಲ್ಪ ನೋಡಬಹುದೆಂದು ನನಗೆ ತೋರಿತು.

ವೈಟ್‌ಫೀಲ್ಡ್ ಎಂದೊಡನೆ ಇಂದಿನವರ ಮನಸ್ಸಿಗೆ ಬರುವುದು ಗಾಜಿನ ಕಟ್ಟಡಗಳು, ಗಣಕಯಂತ್ರದ ಉದ್ಯೋಗ, ಮುಗಿಯದ ವಾಹನಗಳ ಸಾಲು. ನಗರದ ನಡುವಿನಿಂದ ಸುಮಾರು ಇಪ್ಪತ್ತು ಕಿಲೋಮೀಟರು ದೂರದ ಈ ಊರು ಮೂವತ್ತು ವರ್ಷಗಳಲ್ಲಿ ಬೆಳೆದಷ್ಟು ವೇಗವಾಗಿ ಕನ್ನಡ ನಾಡಿನ ಇನ್ನಾವ ಊರೂ ಬೆಳೆದಿರಲಾರದು. ಬೆಳೆದ ಮಕ್ಕಳಿಗೆ ತಮ್ಮ ಬಾಲ್ಯ ಮರೆಯುವುದುಂಟು. ವೈಟ್‌ಫೀಲ್ಡಿಗೆ ಮರೆತುಹೋದದ್ದು ಒಂದು ಬಾಲ್ಯವಲ್ಲ, ಎರಡು.

ಮೊದಲನೆಯದನ್ನು ಹೆಸರಿನಿಂದಲೇ ಹಿಡಿಯಬಹುದು. ಮಳೆ ಮತ್ತು ಕಾಲ ಸೇರಿ ಮಳೆಗಾಲವಾಗುವಂತೆ, ಕಾಡು ಮತ್ತು ಕೋಡಿ ಸೇರಿ ಕಾಡುಗೋಡಿಯಾಗಿದೆ ಎಂದು ನನ್ನ ಊಹೆ. ಕಕಾರಕ್ಕೆ ಗಕಾರ ಬಂದಿರುವುದು ಆದೇಶ ಸಂಧಿ. ಕೋಡಿ ಎಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗಲು ಏರಿಯ ಪಕ್ಕದಲ್ಲಿ ಬಿಟ್ಟ ದಾರಿ. ಕೆರೆ ಕೋಡಿ ಬಿತ್ತೆಂದರೆ ಊರಿಗೆ ಊರೇ ಹೋಗಿ ಗಂಗೆಗೆ ಬಾಗಿನ ಕೊಟ್ಟು ಬರುವ ರೂಢಿ ನಮ್ಮ ಬಯಲುಸೀಮೆಯಲ್ಲಿ ಎಲ್ಲರಿಗೂ ಗೊತ್ತಿರುವಂಥದು. ಸುತ್ತಲಿನ ಹೆಸರುಗಳನ್ನೂ ನೋಡಿ. ಪಕ್ಕದಲ್ಲೇ ಚನ್ನಸಂದ್ರವಿದೆ. ‘ಸಂದ್ರ’ ಎಂಬುದು ‘ಸಮುದ್ರ’ದ ಸವೆದ ರೂಪ. ದೊಡ್ಡ ಕೆರೆ ಕಟ್ಟಿಸಿದವರು ಅದನ್ನು ಸಮುದ್ರವೆಂದು ಕರೆದು ತಮ್ಮ ಹೆಸರನ್ನೋ ತಮ್ಮ ದೇವರ ಹೆಸರನ್ನೋ ಅದಕ್ಕೆ ಸೇರಿಸುತ್ತಿದ್ದರು. ಕಡಲಿನಿಂದ ಮುನ್ನೂರು ಕಿಲೋಮೀಟರಿನಷ್ಟು ಒಳಗೆ, ಒಂದು ದೊಡ್ಡ ನದಿಯೂ ಇಲ್ಲದ ದಿಣ್ಣೆಯ ಮೇಲೆ, ಹೆಜ್ಜೆಗೊಂದು ಸಮುದ್ರ! ಇದನ್ನು ಅತಿಶಯೋಕ್ತಿ ಎನ್ನುವವರು ಬೇಸಗೆಯಲ್ಲಿ ಆ ಕಡೆ ಒಮ್ಮೆ ನಡೆದು ನೋಡಬೇಕು.

ಹೆಸರಿನ ಊಹೆಗಿಂತ ಗಟ್ಟಿಯಾದ ಆಧಾರವೂ ಇದೆ. ಕಾಡುಗೋಡಿಯಲ್ಲಿ ರಾಜೇಂದ್ರ ಚೋಳನ ಕಾಲದ, ಅಂದರೆ 11ನೆಯ ಶತಮಾನದ, ಒಂದು ತಮಿಳು ಶಾಸನವಿದೆ. ಅದರಲ್ಲಿ ಪಟ್ಟಂದೂರಿನ ಕೆರೆಯನ್ನು ತೋಡಿಸಿ ತೂಬಿಡಿಸಿದ ಸಂಗತಿ ಹೇಳಿದೆ. ಪಟ್ಟಂದೂರು ಅಗ್ರಹಾರವೆಂದರೆ ಈಗ ಮಾಹಿತಿ ತಂತ್ರಜ್ಞಾನದ ದೊಡ್ಡ ಆವರಣ ಎದ್ದು ನಿಂತಿರುವ ನೆಲವೇ. ಸಾವಿರ ವರ್ಷದ ಹಿಂದೆ ಯಾರೋ ಆ ತಗ್ಗನ್ನು ನೋಡಿ, ಇಲ್ಲಿ ನೀರು ನಿಲ್ಲಬಲ್ಲುದು ಎಂದು ಲೆಕ್ಕ ಹಾಕಿದರು. ಕೆರೆ ಕಟ್ಟುವುದೆಂದರೆ ಗುಂಡಿ ತೋಡುವ ಕೆಲಸವಷ್ಟೇ ಅಲ್ಲ. ಇಳಿಜಾರಿಗೆ ಅಡ್ಡಲಾಗಿ ಏರಿ ಹಾಕಬೇಕು, ಮಣ್ಣು ಜಾರದಂತೆ ಒಳಮೈಗೆ ಕಲ್ಲು ಕಟ್ಟಬೇಕು, ತೂಬಿನ ಮಟ್ಟ ಗೊತ್ತುಮಾಡಬೇಕು, ಅಚ್ಚುಕಟ್ಟಿನ ಗದ್ದೆಗಳಿಗೆ ಕಾಲುವೆ ತೆಗೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಕೋಡಿಯ ಎತ್ತರ ತಪ್ಪಬಾರದು. ಅದು ತಗ್ಗಾದರೆ ಕೆರೆ ತುಂಬದು, ಹೆಚ್ಚಾದರೆ ಏರಿ ಉಳಿಯದು. ಒಂದು ಕೆರೆಯ ಕೋಡಿಯ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ, ಹೀಗೆ ಸರಪಳಿಯಾಗಿ ಕೊನೆಗೆ ದಕ್ಷಿಣ ಪಿನಾಕಿನಿಗೆ ಸೇರುತ್ತಿತ್ತು. ಈ ನೀರನ್ನು ಪಾಲು ಮಾಡಿ ಬಿಡುವ ಹೊಣೆ ನೀರುಗಂಟಿಯದು. ಅವನ ಮಾತಿಗೆ ಗೌಡನೂ ಎದುರಾಡುತ್ತಿರಲಿಲ್ಲವೆಂದು ಹಿರಿಯರು ಹೇಳುವುದನ್ನು ನಾನು ಕೇಳಿದ್ದೇನೆ. ಊರು ಎಂಬ ಮಾತಿಗೆ ಈ ಸೀಮೆಯಲ್ಲಿ ಇದ್ದ ಅರ್ಥ ಇದೇ: ಒಂದು ಕೆರೆಯ ನೀರನ್ನು ಹಂಚಿಕೊಂಡು ಬಾಳುವವರ ನೆಲೆ.

ಎರಡನೆಯ ಬಾಲ್ಯ ಬಹಳ ಈಚಿನದು. ಮದರಾಸಿನ ಕಡೆಯಿಂದ ಜೋಲಾರಪೇಟೆಯ ಮೂಲಕ ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ. ಆ ಹಾದಿ ಕಾಡುಗೋಡಿಯ ಪಕ್ಕದಲ್ಲೇ ಹಾಯ್ದುಬಂತು. 1881ರಲ್ಲಿ ಮೈಸೂರು ಸಂಸ್ಥಾನ ಮತ್ತೆ ಒಡೆಯರ ಕೈಸೇರಿತಷ್ಟೆ. ಮರುವರ್ಷವೇ, ಅಂದರೆ 1882ರಲ್ಲಿ, ಚಾಮರಾಜೇಂದ್ರ ಒಡೆಯರು ಯೂರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಸುಮಾರು 3,900 ಎಕರೆ ಭೂಮಿಯನ್ನು ದಾನವಾಗಿ ಕೊಟ್ಟರು. ಈ ಉದ್ಯಮದ ಪ್ರೇರಕನಾಗಿದ್ದವನು ಮದರಾಸಿನ ಸಂಘದ ಮುಂದಾಳು ಡಿ. ಎಸ್. ವೈಟ್. ಊರಿಗೆ ಅವನ ಹೆಸರೇ ನಿಂತಿತು. ಬಿಳಿಯ ಹೊಲ ಎಂಬ ಅರ್ಥವನ್ನು ಕೆಲವರು ಹುಡುಕುವುದುಂಟು, ಅದು ಸಲ್ಲದು. ಇದರ ಜೊತೆಗೆ ಸಾಸ್ಮಂಡ್ ಎಂಬ ಇನ್ನೊಂದು ನೆಲೆಯೂ ಹುಟ್ಟಿತು.

ಈ ಜನರ ಸ್ಥಿತಿಯನ್ನು ನಾವು ಸ್ವಲ್ಪ ಸಹಾನುಭೂತಿಯಿಂದ ನೋಡಬೇಕು. ತಂದೆಯ ಕಡೆಯಿಂದ ಐರೋಪ್ಯರು, ತಾಯಿಯ ಕಡೆಯಿಂದ ಈ ದೇಶದವರು. ಆಳುವವರು ಇವರನ್ನು ತಮ್ಮವರೆಂದು ಪಂಕ್ತಿಗೆ ಕರೆಯರು, ಆಳಿಸಿಕೊಳ್ಳುವವರು ತಮ್ಮವರೆಂದು ನಂಬರು. ರೈಲ್ವೆ, ತಂತಿ ಇಲಾಖೆಯಂಥ ಕೆಲವು ನೌಕರಿಗಳೇ ಇವರ ಜೀವನಾಧಾರ, ಅವಕ್ಕೂ ಪೈಪೋಟಿ ಬೆಳೆಯುತ್ತಿತ್ತು. ಆದ್ದರಿಂದ ನೌಕರಿಯ ಹಂಗಿಲ್ಲದೆ ಸ್ವಂತ ನೆಲದಲ್ಲಿ ಉತ್ತು ಬಿತ್ತು ಬಾಳುವ ಒಂದು ಊರು ಬೇಕೆಂಬುದು ವೈಟನ ಕನಸು. ವೃತ್ತಾಕಾರದ ಬೀದಿಗಳು, ನಡುವೆ ಬಯಲು, ಸುತ್ತ ತೋಟದ ಮನೆಗಳು, ಪ್ರಾರ್ಥನೆಗೆ ಚರ್ಚು. ಇನ್ನರ್ ಸರ್ಕಲ್, ಔಟರ್ ಸರ್ಕಲ್ ಎಂಬ ಹೆಸರುಗಳು ಇಂದಿಗೂ ಉಳಿದಿವೆ.

ಆದರೆ ನೇಗಿಲು ಹಿಡಿಯುವ ವಿದ್ಯೆ ಸಂಘದ ಠರಾವಿನಿಂದ ಬರುವಂಥದಲ್ಲ. ಗುಮಾಸ್ತಿಕೆ, ಎಂಜಿನ್ನು, ತಂತಿಯಂತ್ರಗಳಲ್ಲಿ ಪಳಗಿದ ಕೈಗೆ ರಾಗಿಯ ಹೊಲ ಒಗ್ಗಲಿಲ್ಲ. ಅತ್ತ ಕೋಲಾರದ ಚಿನ್ನದ ಗಣಿಗಳು, ಇತ್ತ ಬೆಂಗಳೂರಿನ ದಂಡುಪ್ರದೇಶ, ನಡುವೆ ರೈಲು. ಹರೆಯದವರು ರೈಲು ಹತ್ತಿ ಕೆಲಸಕ್ಕೆ ಹೋದರು. ಕೆಲಸ ಮುಗಿಸಿದ ಮುದುಕರು ಪಿಂಚಣಿಯೊಡನೆ ತಣ್ಣನೆಯ ಗಾಳಿಗೆ ಹಿಂದಿರುಗಿದರು. ಸ್ವಾವಲಂಬಿ ಗ್ರಾಮವಾಗಲೆಂದು ಹುಟ್ಟಿದ ಊರು ಹೀಗೆ ಮೊದಲಿನಿಂದಲೂ ಬೇರೆಡೆಯ ಸಂಬಳವನ್ನೇ ನಂಬಿ ಬದುಕಿತು. ಸ್ವಾತಂತ್ರ್ಯ ಬಂದ ಮೇಲೆ ಅನೇಕ ಕುಟುಂಬಗಳು ಇಂಗ್ಲೆಂಡಿಗೂ ಆಸ್ಟ್ರೇಲಿಯಕ್ಕೂ ಕೆನಡಕ್ಕೂ ಹೊರಟುಹೋದವು.

ಇಲ್ಲಿ ಒಂದು ಸಣ್ಣ ಅಡ್ಡಮಾತು. ಇದೇ ರೈಲು ಹಾದಿಯಲ್ಲಿ ಮುಂದೆ ಹೋದರೆ, ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರಿನ ಬೌರಿಂಗ್‌ಪೇಟೆ ಇತ್ತು. ನಮ್ಮ ಜನರ ನಾಲಗೆ ಅದನ್ನು ಪಳಗಿಸಿ ಬಂಗಾರಪೇಟೆ ಮಾಡಿತು. ಚಿನ್ನದ ಗಣಿಗೆ ಕವಲು ಹಾದಿ ಹೊರಡುವ ಊರಿಗೆ ಇದಕ್ಕಿಂತ ಒಪ್ಪುವ ಹೆಸರನ್ನು ಯಾವ ಪಂಡಿತನೂ ಕೊಡಲಾರ. ವೈಟ್‌ಫೀಲ್ಡ್ ಮಾತ್ರ ಆ ನಾಲಗೆಗೆ ಸಿಕ್ಕದೆ ಹಾಗೆಯೇ ಉಳಿಯಿತು. ಊರಿನವರಿಗೂ ಕಾಡುಗೋಡಿಯವರಿಗೂ ಬಳಕೆ ಅಷ್ಟು ಕಡಮೆಯಿತ್ತೆಂದು ಇದರಿಂದ ತರ್ಕಿಸಬಹುದೋ ಏನೋ. ಇನ್ನು ಚರ್ಚಿಲ್ ತಾರುಣ್ಯದಲ್ಲಿ ಇಲ್ಲಿನ ವೇವರ್ಲಿ ಇನ್ನಿನ ಒಡೆಯನ ಮಗಳಿಗಾಗಿ ಕುದುರೆಯೇರಿ ಬರುತ್ತಿದ್ದನೆಂಬ ಕತೆ. 1896ರಿಂದ ಕೆಲಕಾಲ ಆತ ಬೆಂಗಳೂರಿನ ದಂಡಿನಲ್ಲಿದ್ದುದು ನಿಜ, ಬೆಂಗಳೂರು ಕ್ಲಬ್ಬಿಗೆ ಹದಿಮೂರು ರೂಪಾಯಿ ಬಾಕಿ ಉಳಿಸಿಹೋದುದೂ ಲೆಕ್ಕದ ಪುಸ್ತಕದಲ್ಲಿದೆ. ಪ್ರೇಮಪ್ರಸಂಗ ಮಾತ್ರ ಬಾಯಿಮಾತಿನದು. ಆದರೂ ವೈಟ್‌ಫೀಲ್ಡಿನ ಚರಿತ್ರೆ ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಹೇಳುವುದು ಇದೊಂದನ್ನೇ. ಕೆರೆ ಕಟ್ಟಿಸಿದವರು ಪ್ರೇಮಿಸಿದ್ದರೆ ಅವರಿಗೂ ಇಷ್ಟು ಕೀರ್ತಿ ಬರುತ್ತಿತ್ತೆಂದು ಕಾಣುತ್ತದೆ.

ನಾನು ಈ ಊರನ್ನು ಮೊದಲು ಕಂಡದ್ದು ರೈಲಿನ ಕಿಟಕಿಯಿಂದ. 1984ರಿಂದ ಕೆಲವು ವರ್ಷ ಬಂಗಾರಪೇಟೆಯ ಕಡೆಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಬೆಳಗ್ಗೆ ದಂಡು ನಿಲ್ದಾಣದಲ್ಲಿ ಹತ್ತಿದರೆ ಕೃಷ್ಣರಾಜಪುರ ದಾಟುತ್ತಲೇ ಊರು ಮುಗಿದು ರಾಗಿಯ ಹೊಲ, ದ್ರಾಕ್ಷಿಯ ಚಪ್ಪರ, ನೀಲಗಿರಿಯ ತೋಪುಗಳು ತೊಡಗುತ್ತಿದ್ದವು. ವೈಟ್‌ಫೀಲ್ಡಿನಲ್ಲಿ ಗಾಡಿ ನಿಂತಾಗ ಇಳಿಯುವವರು ಬೆರಳೆಣಿಕೆಯ ಮಂದಿ. ಆಗಾಗ ಹ್ಯಾಟು ಧರಿಸಿದ ಒಬ್ಬ ವೃದ್ಧರು ನಮ್ಮ ಡಬ್ಬಿ ಹತ್ತಿ ಮಾಲೂರಿನವರೆಗೆ ಬರುತ್ತಿದ್ದರು. ಕನ್ನಡವನ್ನು ತಮಿಳಿನ ರಾಗದಲ್ಲಿ ಆಡುತ್ತಿದ್ದರು. ತಮ್ಮ ತಂದೆ ರೈಲ್ವೆಯ ಡ್ರೈವರಾಗಿದ್ದರೆಂದೂ ಅಕ್ಕತಂಗಿಯರೆಲ್ಲ ಪರ್ತ್ ನಗರದಲ್ಲಿ ಇರುವರೆಂದೂ ಹೇಳಿದ್ದರು. ತಾವೇಕೆ ಹೋಗಲಿಲ್ಲವೆಂದು ಕೇಳಿದೆ. ‘ಮಾವಿನ ಗಿಡ ಐತಲ್ಲ ಸಾರ್’ ಎಂದರು. ಈಗ ಆ ತೋಟ ಎಲ್ಲಿತ್ತೆಂದು ಹುಡುಕುವುದು ಕೂಡ ಸಾಧ್ಯವಿಲ್ಲ.

ಮೂರನೆಯ ಹುಟ್ಟು 1990ರ ದಶಕದ್ದು. ಪ್ರಧಾನಿ ನರಸಿಂಹರಾಯರೂ ಸಿಂಗಾಪುರದ ಪ್ರಧಾನಿ ಗೋ ಚೋಕ್ ತೋಂಗರೂ ಮಾತಾಡಿಕೊಂಡ ಫಲವಾಗಿ, 1994ರಲ್ಲಿ ಸಿಂಗಾಪುರದ ಉದ್ಯಮಿಗಳು, ಟಾಟಾ ಸಂಸ್ಥೆ, ಕರ್ನಾಟಕ ಸರಕಾರ ಕೂಡಿ ಪಟ್ಟಂದೂರು ಅಗ್ರಹಾರದಲ್ಲಿ ಒಂದು ತಂತ್ರಜ್ಞಾನ ಉದ್ಯಾನವನ್ನು ಯೋಜಿಸಿದರು. ಜನರ ಬಾಯಲ್ಲಿ ಅದು ಐಟಿಪಿಎಲ್. ಅದರ ವಿಸ್ತಾರ 69 ಎಕರೆ. ಅಷ್ಟು ದೂರ ಯಾರು ಹೋಗುತ್ತಾರೆ ಎಂದು ಆಗ ನಗರದವರು ನಗುತ್ತಿದ್ದುದು ನನಗೆ ನೆನಪಿದೆ. ಹತ್ತು ವರ್ಷಗಳಲ್ಲಿ ನಗು ನಿಂತಿತು. ಸುತ್ತಲಿನ ನಲ್ಲೂರಹಳ್ಳಿ, ಕುಂದಲಹಳ್ಳಿ, ಹೂಡಿ, ಹಗದೂರು, ಇಮ್ಮಡಿಹಳ್ಳಿಗಳ ಹೊಲಗಳೆಲ್ಲ ಬಡಾವಣೆಗಳಾದವು, ಬಡಾವಣೆಗಳು ಗಗನಚುಂಬಿಗಳಾದವು. ಮಹದೇವಪುರ ನಗರಸಭೆಯಲ್ಲಿದ್ದ ಈ ಪ್ರದೇಶ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. 2025ರಲ್ಲಿ ಆ ಪಾಲಿಕೆಯೇ ಹೋಗಿ ಐದು ನಗರಪಾಲಿಕೆಗಳಾದಾಗ ಪೂರ್ವದ ಪಾಲಿಗೆ ಬಂತು. ಒಂದು ತಲೆಮಾರಿನಲ್ಲಿ ಗ್ರಾಮಪಂಚಾಯಿತಿ, ನಗರಸಭೆ, ಮಹಾನಗರ ಎಲ್ಲವನ್ನೂ ಕಂಡ ಹಿರಿಯರು ಅಲ್ಲಿದ್ದಾರೆ. ತೆರಿಗೆಯ ರಸೀದಿಗಳನ್ನು ಜೋಡಿಸಿದರೆ ಅದೇ ಒಂದು ಚರಿತ್ರೆ.

ಹೊರವಲಯದ ಊರೆಂದರೆ ಬೆಳಗ್ಗೆ ಬರಿದಾಗಿ ಸಂಜೆ ತುಂಬುವ ಊರು ಎಂಬುದು ಸಾಮಾನ್ಯ ಲಕ್ಷಣ. ಮುಂಬಯಿಯ ಡೊಂಬಿವಿಲಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವೈಟ್‌ಫೀಲ್ಡಿನ ವೈಚಿತ್ರ್ಯವೆಂದರೆ ಅಲ್ಲಿ ಎರಡೂ ದಿಕ್ಕಿಗೆ ಹರಿವು. ಜಯನಗರ, ಮಲ್ಲೇಶ್ವರಗಳಲ್ಲಿ ಮಲಗುವವರು ದುಡಿಯಲು ಇಲ್ಲಿಗೆ ಬರುತ್ತಾರೆ. ಇಲ್ಲಿ ಮಲಗುವವರಲ್ಲಿ ಎಷ್ಟೋ ಮಂದಿ ನಗರದ ಇನ್ನೊಂದು ಮೂಲೆಗೆ ದುಡಿಯಲು ಹೋಗುತ್ತಾರೆ. ಇಬ್ಬರೂ ಒಂದೇ ರಸ್ತೆಯಲ್ಲಿ ಎದುರುಬದುರಾಗಿ ನಿಂತು ಪರಸ್ಪರ ಶಪಿಸುತ್ತಾರೆ. ಹೋಪ್ ಫಾರ್ಮ್, ಅಂದರೆ ಭರವಸೆಯ ತೋಟ ಎಂಬ ಚೆಲುವಾದ ಹೆಸರು ಈಗ ಇರುವುದು ಅರ್ಧ ಗಂಟೆ ಕಾಯಿಸುವ ಒಂದು ಕೂಡುರಸ್ತೆಗೆ.

ಮೂರನೆಯ ಒಂದು ಹರಿವೂ ಇದೆ. ವರ್ತಮಾನ ಪತ್ರಿಕೆಗಳಲ್ಲಿ ಅದರ ಸುದ್ದಿ ಕಡಮೆ. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿತು. ನೂರು ವರ್ಷಕ್ಕೂ ಮೀರಿ ನೆಲದೊಳಕ್ಕೆ ಇಳಿಯುತ್ತಿದ್ದ ವಂಶಗಳ ಮಕ್ಕಳು ರೈಲು ಹತ್ತತೊಡಗಿದರು. ಮಾರಿಕುಪ್ಪಂನಿಂದ ನಸುಕಿನಲ್ಲೇ ಹೊರಡುವ ಗಾಡಿಗಳಲ್ಲಿ ಕಾವಲುಗಾರರು, ಗುಮಾಸ್ತರು, ಆಸ್ಪತ್ರೆಯ ದಾದಿಯರು, ಅಂಗಡಿಗಳ ಹುಡುಗಿಯರು, ಗಣಕಯಂತ್ರ ಕಲಿತ ತರುಣರು ನಿಂತೇ ಬರುತ್ತಾರೆ. ವೈಟ್‌ಫೀಲ್ಡಿನಲ್ಲಿ ಈಗ ಇಳಿಯುವವರನ್ನು ಬೆರಳಿನಲ್ಲಿ ಎಣಿಸಲಾಗದು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೀಗೆ ಹದಿನೆಂಟು ವರ್ಷ ಓಡಾಡಿದವಳು. ಬೆಳಗಿನ ಜಾವ ನಾಲ್ಕಕ್ಕೆ ಏಳುವುದು, ರಾತ್ರಿ ಒಂಬತ್ತಕ್ಕೆ ಮನೆ ಮುಟ್ಟುವುದು. ಮಗ ಬೆಳೆದದ್ದನ್ನು ಭಾನುವಾರಗಳಲ್ಲಿ ನೋಡಿದೆ ಸಾರ್ ಎಂದಳು. ವೈಟ್‌ಫೀಲ್ಡ್ ಅಷ್ಟು ವೇಗವಾಗಿ ಬೆಳೆಯಲು ಇಂಥವರ ನಿದ್ದೆಯ ಕಾಣಿಕೆ ಎಷ್ಟೆಂಬುದನ್ನು ಯಾವ ವರದಿಯೂ ಲೆಕ್ಕ ಹಾಕುವುದಿಲ್ಲ. ಅಲ್ಲಿನ ಬಾಡಿಗೆ ಅವಳ ಸಂಬಳವನ್ನು ನುಂಗುವಷ್ಟು. ಆದ್ದರಿಂದ ಊರನ್ನು ನಡೆಸುವವರಿಗೆ ಊರಿನಲ್ಲಿ ಮನೆಯಿಲ್ಲ.

ಈಗ ಕೆರೆಯ ಮಾತಿಗೆ ಬರುತ್ತೇನೆ. ಮೂರನೆಯ ಹುಟ್ಟಿನವರು ಬಂದಾಗ ಅವರಿಗೆ ಕೆರೆ ಬೇಕಾಗಲಿಲ್ಲ. ಕೊಳವೆ ಬಾವಿ ಇತ್ತು. ಅದು ಬತ್ತಿದಾಗ ಟ್ಯಾಂಕರು ಬಂತು. ನೀರು ಎಲ್ಲಿಂದ ಬರುತ್ತದೆ ಎಂದು ಕೇಳುವ ಅಗತ್ಯ ಇಲ್ಲವಾದಾಗ, ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದೂ ನಿಂತುಹೋಗುತ್ತದೆ. ಬಳಸಿದ ನೀರು ರಾಜಕಾಲುವೆಗೆ ಬಿತ್ತು. ಒಂದರ ಕೋಡಿಯಿಂದ ಇನ್ನೊಂದಕ್ಕೆ ನೀರು ಕೊಡುವ ಆ ಹಳೆಯ ಸರಪಳಿ ಈಗ ಕೊಳಚೆಯನ್ನು ಅಷ್ಟೇ ಪ್ರಾಮಾಣಿಕವಾಗಿ ಕೆಳಗೆ ಸಾಗಿಸಿತು. ಹತ್ತಿರದ ವರ್ತೂರು ಕೆರೆಯ ಕೋಡಿಯಲ್ಲಿ 2015ರಲ್ಲಿ ನೊರೆ ಎದ್ದು ರಸ್ತೆಗೆ ಹಾರಿತು. ಅದರ ಮೇಲಿನ ಬೆಳ್ಳಂದೂರು ಕೆರೆ 2017ರ ಫೆಬ್ರವರಿಯಲ್ಲಿ ಹೊತ್ತಿ ಉರಿಯಿತು. ಕೆರೆಗೆ ಬೆಂಕಿ ಬಿತ್ತೆಂಬುದನ್ನು ನಮ್ಮ ಹಳಬರು ಒಗಟು ಎಂದುಕೊಳ್ಳುತ್ತಿದ್ದರು. 2024ರ ಬೇಸಗೆಯಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ ಹೆಚ್ಚು ಬಳಲಿದ ಕಡೆಗಳಲ್ಲಿ ಈ ಪೂರ್ವದ ಬಡಾವಣೆಗಳೂ ಸೇರಿದ್ದವು. ಕೋಟಿ ಬೆಲೆಯ ಮನೆಯವರು ತಟ್ಟೆ ತೊಳೆಯುವ ನೀರನ್ನು ಅಳೆದರು. ಅದೇ ವರ್ಷದ ಅಕ್ಟೋಬರ್ 16ರಂದು ಕಾವೇರಿಯ ಐದನೆಯ ಹಂತ ಆರಂಭವಾಯಿತು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ದಿನಕ್ಕೆ 77 ಕೋಟಿ 50 ಲಕ್ಷ ಲೀಟರು. ನೂರು ಕಿಲೋಮೀಟರು ದೂರದ ಹೊಳೆಯನ್ನು ಮೇಲಕ್ಕೆತ್ತಿ ತರುವ ಈ ಸಾಹಸಕ್ಕೆ ತಲೆಬಾಗಬೇಕಾದ್ದೇ. ಆದರೆ ಹದಿನೇಳು ವರ್ಷ ಹಳ್ಳಿಯೂ ಆಗಿರದೆ ನಗರವೂ ಆಗದೆ ಬಾಯಾರಿದ ಆ ಹಳ್ಳಿಗಳ ಕಾಲಬುಡದಲ್ಲೇ ಕೆರೆಗಳಿದ್ದುವೆಂಬುದನ್ನು ಮರೆಯುವುದು ಹೇಗೆ?

ಇನ್ನೂ ಒಂದು ವಿಚಿತ್ರವನ್ನು ಹೇಳಬೇಕು. ಬೆಳ್ಳಂದೂರಿನ ಕಡೆ ಕೂಡುವ ಕೊಳಚೆಯನ್ನು ಶುದ್ಧೀಕರಿಸಿ 2018ರಿಂದ ಕೊಳವೆಗಳ ಮೂಲಕ ಕೋಲಾರ ಜಿಲ್ಲೆಯ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಬತ್ತಿದ ಕೆರೆಗಳಲ್ಲಿ ಮತ್ತೆ ನೀರು ಕಂಡ ರೈತರಿದ್ದಾರೆ, ಆ ನೀರಿನ ಗುಣವನ್ನು ಕುರಿತು ದೂರುವವರೂ ಇದ್ದಾರೆ. ಎರಡೂ ಮಾತು ನಿಜವಿರಬಹುದು. ಕೋಲಾರದ ಜನ ಬೆಳಗ್ಗೆ ರೈಲಿನಲ್ಲಿ ಪಶ್ಚಿಮಕ್ಕೆ ಬರುತ್ತಾರೆ, ನಗರ ಬಳಸಿಬಿಟ್ಟ ನೀರು ಪೂರ್ವಕ್ಕೆ ಹೋಗುತ್ತದೆ.

ಈ ಊರಿನಲ್ಲಿ ಕನ್ನಡವೇ ಕೇಳಿಸುವುದಿಲ್ಲ ಎಂಬ ಕೊರಗನ್ನು ನನ್ನ ಓರಗೆಯ ಸ್ನೇಹಿತರು ತೋಡಿಕೊಳ್ಳುವುದುಂಟು. ಕನ್ನಡದ ಅನ್ನ ಉಂಡ ನನಗೂ ಆ ಕೊರಗು ಇಲ್ಲವೆಂದಲ್ಲ. ಲಿಫ್ಟಿನಲ್ಲಿ ಎದುರಾದ ಮಗುವನ್ನು ಕನ್ನಡದಲ್ಲಿ ಮಾತನಾಡಿಸಿದರೆ ಅದು ತಾಯಿಯ ಮುಖ ನೋಡುತ್ತದೆ. ಆದರೆ ಕಾಡುಗೋಡಿಯ ಶಾಸನ ತಮಿಳಿನದು. ಹೊರಗಿನಿಂದ ಬಂದ ಆಳ್ವಿಕೆ, ಬೇರೆಯ ನುಡಿ. ಆದರೂ ಅವರು ಈ ನೆಲದ ಇಳಿಜಾರನ್ನು ಅರಿತು ಕೆರೆ ಕಟ್ಟಿದರು, ಆ ಕೆರೆಯನ್ನು ಕನ್ನಡದವರೂ ತೆಲುಗಿನವರೂ ಉಂಡು ಬಾಳಿದರು. ಇಂದು ಕಾನ್ಪುರದಿಂದಲೋ ಕಟಕದಿಂದಲೋ ಬಂದವನು ಮನೆಯ ಹಿಂದಿನ ತಗ್ಗಿಗೆ ಕೆರೆಯಂಗಳವೆಂದು ಹೆಸರಿದೆ ಎಂದು ತಿಳಿದರೆ, ಆ ಒಂದು ಕನ್ನಡ ಶಬ್ದ ನಾನು ನಲವತ್ತು ವರ್ಷ ಕಲಿಸಿದ ಛಂದಸ್ಸಿಗಿಂತ ಹೆಚ್ಚು ಕೆಲಸ ಮಾಡುತ್ತದೆಂದು ನನ್ನ ನಂಬಿಕೆ. ಇದು ಬರಿಯ ಆಶೆಯಲ್ಲ. ಪಟ್ಟಂದೂರಿನ ಕೆರೆಯ ಒತ್ತುವರಿಯ ವಿರುದ್ಧ ದನಿಯೆತ್ತಿದವರಲ್ಲಿ ಅಲ್ಲಿನ ಹೊಸ ನಿವಾಸಿಗಳೂ ಇದ್ದರು. ರಾಜಕಾಲುವೆ ಎಂಬ ಮಾತು ಅವರ ಇಂಗ್ಲಿಷಿನ ಅರ್ಜಿಗಳಲ್ಲಿ ಈಗ ಹಾಗೆಯೇ ಕಾಣಿಸಿಕೊಳ್ಳುತ್ತದೆ.

ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿನವರೆಗೆ ಮೆಟ್ರೋ ತೆರೆದದ್ದು 2023ರ ಮಾರ್ಚ್ 25ರಂದು. ನಗರದೊಡನೆ ಅದು ಪೂರ್ಣವಾಗಿ ಕೂಡಿಕೊಂಡದ್ದು ಆ ವರ್ಷದ ಅಕ್ಟೋಬರಿನಲ್ಲಿ. ಮಗಳ ಮನೆಗೆ ಹೋಗಿಬರುವಾಗ ನಾನೂ ಅದರಲ್ಲಿ ಕೂರುತ್ತೇನೆ. ತರುಣರೆಲ್ಲ ಕಿವಿಗೆ ತಂತಿಯಿಲ್ಲದ ಯಂತ್ರ ಸಿಕ್ಕಿಸಿಕೊಂಡು ಕೈಯಲ್ಲಿನ ಪರದೆ ನೋಡುತ್ತಿರುತ್ತಾರೆ. ಮೇಲಿನಿಂದ ಒಂದು ಹೆಣ್ಣುದನಿ ಮೊದಲು ಕನ್ನಡದಲ್ಲೇ ಕೂಗಿ ಹೇಳುತ್ತದೆ: ಹೂಡಿ, ಸೀತಾರಾಮಪಾಳ್ಯ, ಕುಂದಲಹಳ್ಳಿ, ನಲ್ಲೂರುಹಳ್ಳಿ, ಪಟ್ಟಂದೂರು ಅಗ್ರಹಾರ, ಚನ್ನಸಂದ್ರ. ಪಾಳ್ಯ, ಹಳ್ಳಿ, ಅಗ್ರಹಾರ, ಸಂದ್ರ ಎಂಬ ಈ ಹೆಸರುಗಳಿಗೆಲ್ಲ ಆ ಪಟ್ಟಿಯಲ್ಲಿ ಜಾಗ ಸಿಕ್ಕಿದೆ. ಕಡೆಯ ನಿಲ್ದಾಣದಲ್ಲಿ ಇಳಿದು ಪೂರ್ವಕ್ಕೆ ನೋಡಿದರೆ ಹಳೆಯ ರೈಲ್ವೆ ನಿಲ್ದಾಣ ಕಾಣುತ್ತದೆ. ಸಂಜೆಯ ಮಾರಿಕುಪ್ಪಂ ಗಾಡಿಗೆ ಅಲ್ಲಿ ಜನ ಕಾಯುತ್ತಿರುತ್ತಾರೆ.